ಮದುವೆ ಮುರಿದಿದೆ, ದೇವರ ಹತ್ತಿರ ಹೋಗು ಅಂತಾರೆ. ಹೋಗಿ ಏನು ಮಾಡಬೇಕು?

ಬಿಸಿಲೂರ ಹುಡುಗಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ನಿಶ್ಚಿತಾರ್ಥ ಮುರಿದಿದೆ. ಹಿರಿಯರು ನೋಡಿ ಮಾಡಿದ ಸಂಬಂಧ ಅಲ್ಲ, ಕಾಲೇಜಿನಿಂದ ಗೊತ್ತಿದ್ದ ಹುಡುಗ. ಎರಡೂ ಮನೆಯವರನ್ನು ಒಪ್ಪಿಸುವುದಕ್ಕೇ ವರ್ಷಗಟ್ಟಲೆ ಹಿಡಿಯಿತು. ಮಂಟಪಕ್ಕೆ ಮುಂಗಡ ಕೊಟ್ಟಾಗಿತ್ತು. ಕಾರ್ಡ್ ಅಚ್ಚಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಪುಣೆಯಿಂದ ಫೋನ್ ಬಂತು. 'ನನ್ನಿಂದ ಆಗಲ್ಲ' ಅಂದ. ಕಾರಣ ಕೇಳಿದರೆ ಇವತ್ತಿಗೂ ಸರಿಯಾದ ಉತ್ತರ ಇಲ್ಲ.

ಈಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು. ದೇವರ ಹತ್ತಿರ ಹೋಗು, ಎಲ್ಲಾ ಮರೆಯುತ್ತೀಯ. ಅವ್ವ ದತ್ತಾತ್ರೇಯನ ಕ್ಷೇತ್ರ ಗಾಣಗಾಪುರಕ್ಕೆ ಕರೆಯುತ್ತಿದ್ದಾಳೆ. ನಾನು ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗುತ್ತಿದ್ದೇನೆ. ಕೈ ಮುಗಿದು ನಿಲ್ಲುತ್ತೇನೆ. ಏನೂ ಅನಿಸುವುದಿಲ್ಲ. ತಲೆಯಲ್ಲಿ ಅದೇ ಫೋನಿನ ಮಾತು ಓಡುತ್ತಿರುತ್ತದೆ. ಅದರ ಜೊತೆ ದಿನದ ಚಿಂತೆಗಳು ಬೇರೆ. ಅಪ್ಪನ ಶುಗರ್, ತಮ್ಮನ ಫೀಸು, ಮುಂಗಡ ವಾಪಸ್ ಕೊಡದ ಮಂಟಪದವರು, ಆಫೀಸಿನಲ್ಲಿ 'ಮದುವೆ ಯಾವಾಗ' ಅಂತ ಕೇಳುವವರು. ರಾತ್ರಿ ಎರಡಕ್ಕೆ ಎಚ್ಚರ ಆದರೆ ಬೆಳಗಿನವರೆಗೆ ಇವೆಲ್ಲ ಸರದಿ ಮೇಲೆ ಬರುತ್ತವೆ.

ನಂಬಿಕೆ ಇರುವವರು ಇಂಥ ಹೊತ್ತಿನಲ್ಲಿ ನಿಜವಾಗಿ ಏನು ಮಾಡುತ್ತೀರಿ? ಅದನ್ನು ತಿಳಿಯುವ ಆಸೆ. 'ಎಲ್ಲಾ ಒಳ್ಳೆಯದಕ್ಕೇ' ಅನ್ನುವ ಮಾತು ಮಾತ್ರ ದಯವಿಟ್ಟು ಬೇಡ. ಅದನ್ನು ಬೇಕಾದಷ್ಟು ಕೇಳಿದ್ದೇನೆ.

ಸೂಪರ್ ಮಾರ್ಕೆಟ್ ಚಹಾ

ಅಧ್ಯಾತ್ಮ ನನಗೆ ಗೊತ್ತಿಲ್ಲ. ಮುಂಗಡದ ರಸೀದಿ ಇದೆಯಾ? ಇದ್ದರೆ ಮೊದಲು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಯಾರೂ ದುಡ್ಡು ವಾಪಸ್ ಕೊಡುವುದಿಲ್ಲ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ.

ತೊಗರಿ ಹೊಲ (ಜೇವರ್ಗಿ ಕಡೆ)

ತಂಗೀ, ಗರ್ಭಗುಡಿ ಮುಂದೆ ನಿಂತೆ ಅಂತ ಬರೆದಿದ್ದೀ. ದಾಸೋಹದ ಕಡೆ ಹೋಗಿದ್ದೀಯಾ?

ಶರಣಬಸಪ್ಪನವರು ಅರಳಗುಂಡಗಿಯವರು, ನಮ್ಮ ಕಡೆಯವರು. ಒಕ್ಕಲುತನ ಮಾಡಿದವರು. ಅವರ ಕಥೆಗಳಲ್ಲಿ ತಪಸ್ಸು ಕಡಿಮೆ, ಊಟ ಜಾಸ್ತಿ. ಜೋಳದ ಹೊಲಕ್ಕೆ ಬಂದ ಹಕ್ಕಿಗಳನ್ನು ಅವರು ಓಡಿಸಲಿಲ್ಲವಂತೆ. ತಿನ್ನಲಿ ಅಂತ ಬಿಟ್ಟು, ಕುಡಿಯುವುದಕ್ಕೆ ನೀರನ್ನೂ ಇಟ್ಟರಂತೆ. ನಾನು ಹಾಗೆ ಮಾಡಿದರೆ ಮನೆಯವಳು ನನ್ನನ್ನೇ ಓಡಿಸುತ್ತಾಳೆ, ಆ ಮಾತು ಬೇರೆ.

ಒಂದು ವರ್ಷ ನಮ್ಮ ತೊಗರಿಗೆ ನೆಟೆ ರೋಗ ಬಿತ್ತು. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಸಾಲ ಇತ್ತು. ಗುಡಿಯಲ್ಲಿ ಕೂತರೂ ಬಡ್ಡಿ ಲೆಕ್ಕವೇ. ಹೋಳಿ ಆದ ಐದನೇ ದಿನ ತೇರು ಇರುತ್ತದಲ್ಲ, ಆಗ ಊರವರ ಜೊತೆ ನಡೆದು ಹೋದೆ. ಅನ್ನ ಬಡಿಸುವ ಕಡೆ ಕೈ ಕಡಿಮೆ ಇದ್ದವು, ನಿಂತುಕೊಂಡೆ. ಬಡಿಸುವಾಗ ಎದುರಿನವನ ತಟ್ಟೆ ನೋಡಬೇಕು, ಸಾರು ಚೆಲ್ಲದಂತೆ ನೋಡಬೇಕು, ಹಿಂದಿನವನು ಕೂಗಿದರೆ ತಿರುಗಬೇಕು. ಸಾಲ ಆ ಹೊತ್ತು ನೆನಪಾಗಲಿಲ್ಲ. ಹೊರಗೆ ಬಂದ ಮೇಲೆ ಮತ್ತೆ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ರಾತ್ರಿ ನಿದ್ದೆ ಬಂತು.

ಬರೀ ಪ್ರಶ್ನೆ

ಕೆಲಸ ಮಾಡಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಅಷ್ಟೇ. ಅದಕ್ಕೆ ದೇವರು ಯಾಕೆ ಬೇಕು? ಮನೆಯಲ್ಲಿ ಪಾತ್ರೆ ತೊಳೆದರೂ ಆಗುತ್ತಲ್ವಾ?

ತೊಗರಿ ಹೊಲ (ಜೇವರ್ಗಿ ಕಡೆ)

ಮನೆಯಲ್ಲಿ ಪಾತ್ರೆ ತೊಳೆದರೆ 'ಇನ್ನೂ ಎರಡಿವೆ' ಅಂತಾರೆ. ಅಲ್ಲಿ 'ಸಾಕು ಬಾ, ಊಟ ಮಾಡು' ಅಂತಾರೆ.

ಬಿದ್ರಿ ಬಳೆ (ಬೀದರ್)

ತೊಗರಿ ಹೊಲ ಅವರ ಮಾತಿಗೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ. ನನ್ನ ವಿಚ್ಛೇದನ ಆದ ಹೊಸತರಲ್ಲಿ ನಮ್ಮ ಓಣಿಯ ಗುಡಿಗೆ ಹೋಗುವುದೇ ಕಷ್ಟವಾಗಿತ್ತು. ಅಲ್ಲಿ ಎಲ್ಲರಿಗೂ ನಾನು ಗೊತ್ತು. ಅರಿಶಿನ ಕುಂಕುಮ ಕೊಡುವಾಗ ತಟ್ಟೆ ನನ್ನ ಹತ್ತಿರ ಬಂದು ಒಂದು ಕ್ಷಣ ನಿಲ್ಲುತ್ತಿತ್ತು. ಆ ಒಂದು ಕ್ಷಣ ಸಾಕು, ಮನೆಗೆ ಬಂದು ಅಳುವುದಕ್ಕೆ.

ಗೆಳತಿಯೊಬ್ಬಳು ಗುರುದ್ವಾರಕ್ಕೆ ಕರೆದುಕೊಂಡು ಹೋದಳು. ನಮ್ಮ ನಾನಕ್ ಝಿರಾ ಸಾಹಿಬ್. ಗುರು ನಾನಕರು ಬಂದಾಗ ಈ ಕಡೆ ಕುಡಿಯುವ ನೀರಿಗೆ ಕಷ್ಟ ಇತ್ತು, ಅವರ ಪಾದ ತಾಗಿ ಕಲ್ಲಿನ ಕೆಳಗಿಂದ ಝರಿ ಹರಿಯಿತು ಅನ್ನುವುದು ಅಲ್ಲಿನ ನಂಬಿಕೆ. ನಾನು ಸಿಖ್ ಅಲ್ಲ. ಅವರ ಪ್ರಾರ್ಥನೆ ನನಗೆ ಅರ್ಥವೂ ಆಗುವುದಿಲ್ಲ. ತಲೆ ಮೇಲೆ ದುಪಟ್ಟಾ ಹಾಕಿಕೊಂಡು ನೆಲದ ಮೇಲೆ ಸಾಲಿನಲ್ಲಿ ಕೂತೆ. ರೊಟ್ಟಿ, ದಾಲ್ ಬಂತು. ಎರಡು ಕೈ ಚಾಚಿ ತಗೋಬೇಕು. ನನ್ನ ಪಕ್ಕ ಒಬ್ಬ ಲಾರಿ ಚಾಲಕ, ಆ ಕಡೆ ನಾಂದೇಡ್‌ನಿಂದ ಬಂದ ಅಜ್ಜಿ. ಯಾರೂ 'ಗಂಡ ಏನು ಮಾಡುತ್ತಾರೆ' ಅಂತ ಕೇಳಲಿಲ್ಲ.

ಆಮೇಲೆ ರಜೆ ಇದ್ದಾಗ ಲಂಗರ್‌ನ, ಅಂದರೆ ಅಲ್ಲಿನ ದಾಸೋಹದ, ಪಾತ್ರೆ ತೊಳೆಯುವುದಕ್ಕೆ ಹೋಗುತ್ತಾ ಬಂದೆ. ಬರೀ ಪ್ರಶ್ನೆ ಅವರೇ, ಮನೆಯ ಪಾತ್ರೆಗೂ ಅಲ್ಲಿನ ಪಾತ್ರೆಗೂ ವ್ಯತ್ಯಾಸ ಇದೆ. ಮನೆಯಲ್ಲಿ ನಾನು 'ಪಾಪ, ಅವಳು'. ಅಲ್ಲಿ ಪಾತ್ರೆ ತೊಳೆಯುವ ಇಪ್ಪತ್ತು ಜನರಲ್ಲಿ ಒಬ್ಬಳು. ದೇವರು ಸಿಕ್ಕನಾ ಅಂದರೆ ಏನು ಹೇಳಲಿ? ನನ್ನ ಬಗ್ಗೆ ನಾನೇ ಯೋಚಿಸುವುದರಿಂದ ಒಂದಿಷ್ಟು ರಜೆ ಸಿಕ್ಕಿತು.

ಕಲಬುರಗಿಯಿಂದ 2017ರಲ್ಲಿ ರೈಲೂ ಶುರುವಾಗಿದೆ. ಬನ್ನಿ ಒಂದು ಸಲ.

ಗುರೂಜಿ ಪರಿಹಾರ

[ಈ ಬರಹವನ್ನು ತೆಗೆದುಹಾಕಲಾಗಿದೆ]

ಮೇಲ್ವಿಚಾರಕರು

ವಶೀಕರಣ, 'ಬಿಟ್ಟು ಹೋದವರು ಮೂರೇ ದಿನದಲ್ಲಿ ವಾಪಸ್', ಫೋನ್ ನಂಬರ್, ಇಂಥವನ್ನು ಇಲ್ಲಿ ಹಾಕಬೇಡಿ. ಹಾಕಿದವರ ಖಾತೆ ಮುಚ್ಚುತ್ತೇವೆ. ಖಾಸಗಿ ಸಂದೇಶ ಬಂದರೂ ಉತ್ತರ ಕೊಡಬೇಡಿ, ನಮಗೆ ತಿಳಿಸಿ.

ಸೂಪರ್ ಮಾರ್ಕೆಟ್ ಚಹಾ

ಒಳ್ಳೆಯ ಕೆಲಸ ಮಾಡಿದಿರಿ. ಬಸ್ ಸ್ಟ್ಯಾಂಡ್ ಗೋಡೆ ಮೇಲೆಲ್ಲ ಇವರದೇ ಕಾಗದ. ನಮ್ಮ ಸಂಬಂಧಿಕ ಹುಡುಗನೊಬ್ಬ ಹೀಗೇ ಸಿಕ್ಕಿಬಿದ್ದ. ಮೊದಲು ಸಣ್ಣ ಪೂಜೆ ಅಂದರು. ಆಮೇಲೆ ದೋಷ ದೊಡ್ಡದಿದೆ ಅಂದರು. ಕೊನೆಗೆ ಪೂಜೆ ಅರ್ಧಕ್ಕೆ ಬಿಟ್ಟರೆ ತಾಯಿಗೆ ಕೆಡುಕು ಅಂತ ಹೆದರಿಸಿದರು. ಬೈಕ್ ಮಾರಿದ. ಹುಡುಗಿ ಬರಲಿಲ್ಲ, ಬೈಕೂ ಬರಲಿಲ್ಲ. ಮಾಟ ಮಂತ್ರದ ಹೆಸರಿನಲ್ಲಿ ನಡೆಯುವ ಮೋಸ, ಹಿಂಸೆ ತಡೆಯುವುದಕ್ಕೆ ನಮ್ಮ ರಾಜ್ಯದಲ್ಲಿ ಕಾನೂನೇ ಇದೆ, 2020ರ ಜನವರಿಯಲ್ಲಿ ಜಾರಿಗೆ ಬಂತು. ನಾಚಿಕೆಗೆ ಯಾರೂ ದೂರು ಕೊಡುವುದಿಲ್ಲ ಅಷ್ಟೇ.

ಭೀಮೆ ದಂಡೆ (ಅಫಜಲಪುರ)

ಬಿಸಿಲೂರ ಹುಡುಗಿಯವರೇ, ಅವ್ವ ಗಾಣಗಾಪುರಕ್ಕೆ ಕರೆದರೆ ಹೋಗಿ ಬನ್ನಿ. ಆದರೆ ಪಾದುಕೆ ದರ್ಶನ ಮಾಡಿ ಸಂಜೆ ಬಸ್ಸಿಗೆ ತಿರುಗಬೇಡಿ. ಬೆಳಿಗ್ಗೆ ಸಂಗಮಕ್ಕೆ ಹೋಗಿ. ಭೀಮೆಗೆ ಅಮರಜಾ ಬಂದು ಸೇರುವ ಜಾಗ. ಅಲ್ಲಿ ಔದುಂಬರದ (ಅತ್ತಿ ಮರದ) ಕೆಳಗೆ ಕೂತು ಪಾರಾಯಣ ಮಾಡುವವರು ಇರುತ್ತಾರೆ, ಸುಮ್ನೆ ಕೂತವರೂ ಇರುತ್ತಾರೆ.

ಮಧ್ಯಾಹ್ನ ಮಧುಕರಿ. ನನ್ನ ಮಟ್ಟಿಗೆ ಗಾಣಗಾಪುರದ ನಿಜವಾದ ಪಾಠ ಅದೇ. ಯಾತ್ರೆಗೆ ಬಂದವರು ಜೋಳಿಗೆ ಹಿಡಿದು ಕನಿಷ್ಠ ಐದು ಮನೆಯ ಮುಂದೆ ಭಿಕ್ಷೆ ಕೇಳಬೇಕು. ದತ್ತಾತ್ರೇಯನೇ ಆ ಹೊತ್ತಿಗೆ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಅಂತ ನಂಬಿಕೆ. ಹಾಗಾಗಿ ಕೊಡುವವರು ಯಾರನ್ನೂ ಕೀಳಾಗಿ ನೋಡುವ ಹಾಗಿಲ್ಲ. ಸೊಲ್ಲಾಪುರದ ವ್ಯಾಪಾರಿ, ಹೈದರಾಬಾದ್‌ನ ಇಂಜಿನಿಯರ್, ಎಲ್ಲರೂ ಬಾಗಿಲ ಮುಂದೆ ಕೈ ಒಡ್ಡಿ ನಿಂತಿರುತ್ತಾರೆ.

ನನಗೆ ಧಂದೆಯಲ್ಲಿ ಪಾಲುದಾರ ಕೈಕೊಟ್ಟಾಗ ನಷ್ಟಕ್ಕಿಂತ ಜಾಸ್ತಿ ಸುಟ್ಟಿದ್ದು ಅವಮಾನ. ಜನ ಏನಂದಾರು, ಇಷ್ಟೇ. ಮೊದಲ ಮನೆಯ ಮುಂದೆ ಬಾಯಿಂದ ಮಾತೇ ಹೊರಡಲಿಲ್ಲ. ಒಳಗಿಂದ ಒಬ್ಬ ಹೆಣ್ಣುಮಗಳು ಬಂದು ಚೂರು ರೊಟ್ಟಿ ಹಾಕಿ, 'ಮಹಾರಾಜ' ಅಂತ ನನಗೇ ಕೈಮುಗಿದಳು. ಬೇಡುವವನಿಗೆ ಕೈಮುಗಿಯುವ ಊರು ಅದು. ಐದನೇ ಮನೆಗೆ ಬರುವಷ್ಟರಲ್ಲಿ ನಾನು ಕಾಪಾಡಿಕೊಂಡು ಬಂದಿದ್ದ ಮಾನ ಅನ್ನುವುದು ಅಷ್ಟು ದೊಡ್ಡದೇನಲ್ಲ ಅನಿಸಿತು. ಪಾಲುದಾರನ ಮೇಲಿನ ಸಿಟ್ಟು ಇನ್ನೂ ಇದೆ. ತಲೆ ತಗ್ಗಿಸಿ ನಡೆಯುವುದು ಬಿಟ್ಟಿದ್ದೇನೆ.

ಬರೀ ಪ್ರಶ್ನೆ

ಗಾಣಗಾಪುರದ ವಿಷಯ ಬಂತಲ್ಲ, ನಾನು ಒಂದು ಮಾತು ಹೇಳಲೇಬೇಕು. ಮಧ್ಯಾಹ್ನದ ಆರತಿ ಹೊತ್ತಿಗೆ ಅಲ್ಲಿ ಕೂಗಾಡುವವರು, ಕಂಬ ಹತ್ತುವವರು ಇರುತ್ತಾರೆ. ಎಲ್ಲರಿಗೂ ಗೊತ್ತು. ಮೈಮೇಲೆ ಬಂದಿದೆ ಅಂತ ಮನೆಯವರು ಕರೆತಂದಿರುತ್ತಾರೆ. ನಮ್ಮ ಮನೆಯಲ್ಲೂ ಒಬ್ಬರಿಗೆ ಹೀಗೇ ಆಯಿತು. ಒಂದು ಕ್ಷೇತ್ರ ಆದ ಮೇಲೆ ಇನ್ನೊಂದು, ಒಂದು ದರ್ಗಾ ಆದ ಮೇಲೆ ಇನ್ನೊಂದು. ವರ್ಷಗಳು ಹೋದವು. ಕೊನೆಗೆ ಮನೋವೈದ್ಯರ ಹತ್ತಿರ ಹೋದ ಮೇಲೆ ಗುಳಿಗೆಯಿಂದ ಬಹಳ ಮಟ್ಟಿಗೆ ಸರಿಹೋದರು. ಕಳೆದ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ? ನಂಬಿಕೆ ಬಗ್ಗೆ ಚಂದ ಚಂದ ಮಾತು ಬರೆಯುವಾಗ ಇದನ್ನೂ ಬರೆಯಿರಿ.

ಭೀಮೆ ದಂಡೆ (ಅಫಜಲಪುರ)

ಒಪ್ಪುತ್ತೇನೆ. ನಾನೂ ನೋಡಿದ್ದೇನೆ, ನೋಡಿ ಹೊಟ್ಟೆ ಉರಿದಿದೆ. ಹರಕೆಯೂ ಇರಲಿ, ಗುಳಿಗೆಯೂ ಇರಲಿ. ಒಂದು ಇನ್ನೊಂದಕ್ಕೆ ಅಡ್ಡ ಬರಬಾರದು.

ಪಿಎಚ್‌ಸಿ ಸಿಸ್ಟರ್ (ಯಾದಗಿರಿ ಜಿಲ್ಲೆ)

ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ. ಹುಡುಗಿಗೆ ನೇರ ಪ್ರಶ್ನೆಗಳು. ರಾತ್ರಿ ನಿದ್ದೆ ಕೆಡುತ್ತಿದೆ ಅಂದಿರಿ. ಊಟ ಸೇರುತ್ತಿದೆಯಾ? ಮೊದಲು ಇಷ್ಟ ಇದ್ದದ್ದು ಯಾವುದಾದರೂ ಈಗ ಇಷ್ಟ ಆಗುತ್ತಿದೆಯಾ? ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬರುತ್ತಿದೆಯಾ?

ಮನಸ್ಸು ಮುರಿದಾಗ ಅಳು ಬರುವುದು, ನಿದ್ದೆ ಕೆಡುವುದು ಸಹಜ, ಅದು ಕಾಯಿಲೆ ಅಲ್ಲ. ಆದರೆ ಎರಡು ವಾರಕ್ಕಿಂತ ಜಾಸ್ತಿ ದಿನ ಪೂರ್ತಿ ಮಂಕು, ಊಟ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಸಾಯುವ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಲ್ಲಿ ಸುಮ್ನೆ ಓದುತ್ತಾ ಕೂತವರಿಗೂ ಹೇಳುತ್ತಿದ್ದೇನೆ.

ನಾನು ದೇವರನ್ನು ನಂಬುತ್ತೇನೆ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆ ತಪ್ಪಿಸುವುದಿಲ್ಲ. ಬಿಪಿ ಗುಳಿಗೆಯನ್ನೂ ತಪ್ಪಿಸುವುದಿಲ್ಲ.

ಬಿಸಿಲೂರ ಹುಡುಗಿ (ಕಲಬುರಗಿ)

ಸಿಸ್ಟರ್, ಸಾಯುವ ಯೋಚನೆ ಇಲ್ಲ. ಊಟ ಸೇರುತ್ತದೆ, ಕೆಲವೊಮ್ಮೆ ಜಾಸ್ತಿಯೇ. ಆದರೂ ನಂಬರ್ ಇಟ್ಟುಕೊಂಡಿದ್ದೇನೆ. ಕೇಳಿದ್ದಕ್ಕೆ ಥ್ಯಾಂಕ್ಸ್. ಇಷ್ಟು ದಿನ ಯಾರೂ ಕೇಳಿರಲಿಲ್ಲ.

ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸೋದರಮಾವ ಮನೆಗೆ ಬಂದಿದ್ದರು. ಅಕ್ಕಮಹಾದೇವಿಯ ವಚನ ಹೇಳಿದರು. ಲೋಕದಲ್ಲಿ ಹುಟ್ಟಿದ ಮೇಲೆ ಸ್ತುತಿ ನಿಂದೆ ಬಂದರೆ ಕೋಪ ಮಾಡಿಕೊಳ್ಳದೆ 'ಸಮಾಧಾನಿಯಾಗಿರಬೇಕು' ಅಂತ. ಆ ಹುಡುಗನ ಮನೆಯವರಿಗೆ ಒಂದು ಮಾತು ಕೇಳಿ ಬನ್ನಿ ಅಂದರೆ ಮಾತ್ರ ಇವರಿಗೆ ಧೈರ್ಯ ಇಲ್ಲ. ಸಮಾಧಾನ ಎಲ್ಲ ನನಗೇ ಯಾಕೆ?

ಕಲ್ಯಾಣದ ಮೇಷ್ಟ್ರಮ್ಮ (ಬಸವಕಲ್ಯಾಣ)

ನಿಮ್ಮ ಸಿಟ್ಟು ಸರಿಯಾಗಿದೆ. ಆ ವಚನವನ್ನು ನಮ್ಮ ಕಡೆ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದಕ್ಕೇ ಇಟ್ಟುಕೊಂಡಿದ್ದಾರೆ. ಹೇಳಿದವಳು ಯಾರು ಅಂತ ಒಂದು ಸಲ ನೋಡಿ. ಅರಸನ ಮನೆ ಒಲ್ಲೆ ಅಂತ ಹೊರಟವಳು. ಉಡುತಡಿ ಎಲ್ಲಿ, ಕಲ್ಯಾಣ ಎಲ್ಲಿ! ಒಬ್ಬಳೇ ಬಂದಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅವಳನ್ನು ಕಟುವಾಗಿ ಪ್ರಶ್ನೆ ಮಾಡಿದರು. ಗಂಡ ಯಾರು ಅಂತಲೂ ಕೇಳಿದರು. ತಲೆ ಬಗ್ಗಿಸಿ ಸುಮ್ಮನೆ ನಿಲ್ಲಲಿಲ್ಲ, ಒಂದೊಂದಕ್ಕೂ ಉತ್ತರ ಕೊಟ್ಟಳು. ಇಷ್ಟೆಲ್ಲ ಮಾಡಿದವಳು ಸಮಾಧಾನ ಅಂದರೆ, ಅದು ಎಲ್ಲವನ್ನೂ ನುಂಗಿಕೊಂಡು ಮೂಲೆಯಲ್ಲಿ ಕೂರು ಅನ್ನುವ ಮಾತು ಆಗುವುದಕ್ಕೆ ಸಾಧ್ಯವಾ? ತನ್ನ ದಾರಿ ತಾನು ಹಿಡಿದ ಮೇಲೆ, ಪಕ್ಕದಲ್ಲಿ ನಿಂತು ಆಡಿಕೊಳ್ಳುವವರಿಗೆ ಉತ್ತರ ಕೊಡುತ್ತಾ ಸಮಯ ಹಾಳು ಮಾಡಬೇಡ ಅಂತ ನಾನು ಓದಿಕೊಳ್ಳುತ್ತೇನೆ. ಮಾವನಿಗೆ ಇದನ್ನು ತೋರಿಸಿ ಬೇಕಾದರೆ.

ಚಿಂತೆಗೆ ನನ್ನ ಹತ್ತಿರ ಇರುವುದು ಬಸವಣ್ಣನ ಒಂದು ಸಾಲು. 'ನಾಳೆ ಬಪ್ಪುದು ನಮಗಿಂದೇ ಬರಲಿ, ಇಂದು ಬಪ್ಪುದು ನಮಗೀಗಲೇ ಬರಲಿ.' ರಾತ್ರಿ ಎಚ್ಚರ ಆದಾಗ ಹೇಳಿಕೊಳ್ಳುತ್ತೇನೆ. ಏನೂ ಆಗುವುದಿಲ್ಲ ಅಂತ ಅವರು ಹೇಳಲಿಲ್ಲ ನೋಡಿ. ಬರಲಿ ಬಿಡು ಅಂದರು. ನನಗೆ ಸುಳ್ಳು ಭರವಸೆಗಿಂತ ಇದು ಜಾಸ್ತಿ ಧೈರ್ಯ ಕೊಡುತ್ತದೆ.

ಓದುಗ ಸಾಹೇಬ (ಕಲಬುರಗಿ)

ಮೇಷ್ಟ್ರಮ್ಮನವರ ಮಾತು ನಮ್ಮಲ್ಲಿ ಸಬ್ರ್, ಅಂದರೆ ಸಹನೆ, ಅನ್ನುವುದಕ್ಕೂ ಹೊಂದುತ್ತದೆ. ಸಬ್ರ್ ಮಾಡು ಅಂದರೆ ಅಳಬೇಡ ಅಂತ ಬಹಳ ಜನ ತಿಳಿದಿದ್ದಾರೆ. ಮಗ ಯೂಸುಫ್ ಕಳೆದುಹೋದಾಗ ಪ್ರವಾದಿ ಯಾಕೂಬ್ ಅತ್ತು ಅತ್ತು ಕಣ್ಣು ಬೆಳ್ಳಗಾದವು ಅಂತ ಕುರಾನ್ ಹೇಳುತ್ತದೆ. ಸುಂದರವಾದ ಸಹನೆಯೇ ಲೇಸು ಅಂದವರೂ ಅವರೇ. ನನ್ನ ದುಃಖವನ್ನು ಅಲ್ಲಾಹನ ಹತ್ತಿರ ಮಾತ್ರ ಹೇಳಿಕೊಳ್ಳುತ್ತೇನೆ ಅಂದರು. ಅಂದರೆ ಹೇಳಿಕೊಂಡರು, ಒಳಗೆ ಒತ್ತಿಡಲಿಲ್ಲ.

ನಮ್ಮ ಸೂಫಿ ಸಂತ ಖಾಜಾ ಬಂದೇ ನವಾಜ್ ಅವರನ್ನೇ ನೋಡಿ. 1398ರಲ್ಲಿ ತೈಮೂರನ ದಾಳಿ ಹೊತ್ತಿಗೆ ದೆಹಲಿ ಬಿಟ್ಟರು. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಓದಿದ, ಬಾಳಿದ ಊರು ಬಿಟ್ಟು ಬಂದರು. ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಇಲ್ಲಿಗೆ ಬಂದು, 1422ರಲ್ಲಿ ತೀರಿಕೊಳ್ಳುವವರೆಗೆ ಕಲಿಸುತ್ತಾ ಬರೆಯುತ್ತಾ ಇದ್ದರು. ಎಲ್ಲಾ ಮುಗಿಯಿತು ಅಂತ ಬೇರೆಯವರು ಅಂದುಕೊಳ್ಳುವ ವಯಸ್ಸಿನಲ್ಲಿ ಎರಡು ದಶಕ ಬದುಕಿ ತೋರಿಸಿದರು. ನನ್ನ ಮನೆಯವರು ತೀರಿಕೊಂಡ ಮೇಲೆ ಗುರುವಾರ ದರ್ಗಾದ ಅಂಗಳದಲ್ಲಿ ಕೂರುವಾಗ ನನಗೆ ನೆನಪಾಗುವುದು ಪವಾಡಗಳಲ್ಲ, ಈ ವಯಸ್ಸು.

ದಿನದ ಚಿಂತೆಗೆ ಒಂದು ಹದೀಸ್ ಇದೆ. ಒಂಟೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲಾ ಅಂತ ಒಬ್ಬರು ಪ್ರವಾದಿ ಮುಹಮ್ಮದರನ್ನು ಕೇಳಿದರು. ಮೊದಲು ಒಂಟೆ ಕಟ್ಟು, ಆಮೇಲೆ ಭರವಸೆ ಇಡು ಅಂದರು. ನಿಮ್ಮ ಅಪ್ಪನ ಶುಗರ್ ಟೆಸ್ಟ್ ಮಾಡಿಸಿದ್ದೀರಾ?

ವಿಹಾರದ ದಾರಿ (ಕಲಬುರಗಿ)

ಬುದ್ಧ ವಿಹಾರದಲ್ಲಿ ಧ್ಯಾನಕ್ಕೆ ಕೂರುವವನು ನಾನು. ಸೇಡಂ ರಸ್ತೆಯ ಕಡೆಯದು, ನೀವೆಲ್ಲ ಫೋಟೋ ತೆಗೆಸಿಕೊಂಡಿರುತ್ತೀರಿ, ಒಳಗೆ ಕೂತಿರುವುದಿಲ್ಲ!

ಬುದ್ಧ ಎರಡು ಬಾಣದ ಮಾತು ಹೇಳಿದ್ದಾನೆ. ಮೊದಲ ಬಾಣ ಹೊರಗಿಂದ ಬಂದು ನೆಡುತ್ತದೆ. ಅದು ನೋವು, ತಪ್ಪಿಸಲಾಗುವುದಿಲ್ಲ. ಎರಡನೆಯದನ್ನು ಅದೇ ಗಾಯಕ್ಕೆ ನಾವೇ ಹೊಡೆದುಕೊಳ್ಳುತ್ತೇವೆ. ನಿಮ್ಮ ವಿಷಯದಲ್ಲಿ ಆ ಫೋನ್ ಮೊದಲನೆಯದು. ರಾತ್ರಿ ಎರಡಕ್ಕೆ 'ನನ್ನಲ್ಲಿ ಏನು ಕೊರತೆ ಇತ್ತು, ಇನ್ನು ಯಾರು ಮಾಡಿಕೊಳ್ಳುತ್ತಾರೆ' ಅಂತ ಬರುತ್ತದಲ್ಲ, ಅದು ಎರಡನೆಯದು. ಧ್ಯಾನ ಮಾಡಿದರೆ ನೋವು ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಉಸಿರು ನೋಡುತ್ತಾ ಕೂತರೆ ಯೋಚನೆ ಬಂದದ್ದು ಗೊತ್ತಾಗುತ್ತದೆ. ಓ, ಮತ್ತೆ ಬಂತು. ಮತ್ತೆ ಉಸಿರಿಗೆ ಬರುವುದು. ಬೇಜಾರಿನ ಕೆಲಸ, ಮೊದಲೇ ಹೇಳಿಬಿಡುತ್ತೇನೆ. ಕಾಲು ಜೋಮು ಹಿಡಿಯುತ್ತದೆ.

ನೇರ ಮಾರ್ಗ

ಎಲ್ಲರೂ ಎಲ್ಲೆಲ್ಲೋ ಕಳಿಸುತ್ತಿದ್ದೀರಿ. ಹುಡುಗಿ ತನ್ನ ಧರ್ಮ ಬಿಟ್ಟು ಬೇರೆ ಕಡೆ ಅಲೆಯಬೇಕಾ? ನಮ್ಮ ಮಾರ್ಗದಲ್ಲೇ ಎಲ್ಲಾ ಇದೆ. ಉಳಿದವೆಲ್ಲ ಅರ್ಧಂಬರ್ಧ.

ವಿಹಾರದ ದಾರಿ (ಕಲಬುರಗಿ)

ಸನ್ನತಿಗೆ ಹೋಗಿ ಬನ್ನಿ, ದೂರ ಏನಿಲ್ಲ. ಅಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಹನ್ನೆರಡನೇ ಶಾಸನವೂ ಇದೆ. ತನ್ನ ಪಂಥ ಹೊಗಳಿ ಇನ್ನೊಬ್ಬರದನ್ನು ಹೀಗಳೆಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಅನ್ನುವುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಭೀಮಾ ತೀರದಲ್ಲೇ ನಿಮಗೆ ಉತ್ತರ ಬರೆದಿಟ್ಟಿದ್ದಾರೆ.

ಬಿದ್ರಿ ಬಳೆ (ಬೀದರ್)

ಅಷ್ಟೂರಿನ ಉರುಸ್ ನೋಡಿ ನೇರ ಮಾರ್ಗ ಅವರೇ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಗೆ ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ಬಂದು ಶಂಖ ಊದುತ್ತಾರೆ. ಇಲ್ಲಿ ಅಲೆಯುವುದೇ ನಮ್ಮ ಧರ್ಮ.

ಏಕತಾರಿ (ಯಡ್ರಾಮಿ)

ತಡವಾಗಿ ಬಂದೆ. ನಾವು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು. ಅಮವಾಸ್ಯೆಗೆ ನಮ್ಮೂರ ಮಠದಲ್ಲಿ ಭಜನೆ. ರಾತ್ರಿ ಊಟ ಆದ ಮೇಲೆ ಶುರು, ಬೆಳಗಾಗುವವರೆಗೆ. ಏಕತಾರಿ, ದಮ್ಮಡಿ, ತಾಳ. ಅದರಲ್ಲಿ ಚೆನ್ನೂರ ಜಲಾಲಸಾಹೇಬರ ಪದವೂ ಬರುತ್ತದೆ. ಅವರು ಮಡಿವಾಳಪ್ಪನವರ ಶಿಷ್ಯರು.

ನೀವು ಕೇಳಿದ್ದು ಕೈ ಮುಗಿದರೆ ಏನೂ ಅನಿಸುವುದಿಲ್ಲ ಅಂತ. ಅನಿಸಲೇಬೇಕು ಅಂತ ಯಾರು ಹೇಳಿದರು? ಭಜನೆಗೆ ಬರುವವರಲ್ಲಿ ಅರ್ಧ ಜನರಿಗೆ ಪದದ ಅರ್ಥ ಕೇಳಿದರೆ ನಗುತ್ತಾರೆ. ಒಬ್ಬ ಎತ್ತಿ ಹಾಡುತ್ತಾನೆ, ಉಳಿದವರು ಹಿಂದೆ ಹಾಡುತ್ತಾರೆ. ರಾತ್ರಿ ಎರಡಕ್ಕೆ ಎಚ್ಚರ ಅಂದಿರಲ್ಲ, ನಮ್ಮಲ್ಲಿ ಆ ಹೊತ್ತಿಗೆ ಇಡೀ ಮಠ ಎಚ್ಚರ. ಒಬ್ಬರೇ ಎಚ್ಚರ ಇರುವುದಕ್ಕೂ ನಲವತ್ತು ಜನರ ಜೊತೆ ಎಚ್ಚರ ಇರುವುದಕ್ಕೂ ಬಹಳ ಫರಕ್ ಇದೆ. ಮಗ ತೀರಿಕೊಂಡ ಒಬ್ಬ ಗೌಡರು ಎಷ್ಟೋ ವರ್ಷದಿಂದ ಬರುತ್ತಾರೆ. ಒಂದು ಪದ ಬಂದಾಗ ಅಳುತ್ತಾರೆ. ಯಾರೂ ಹಾಡು ನಿಲ್ಲಿಸುವುದಿಲ್ಲ, ಯಾರೂ ಸಮಾಧಾನ ಮಾಡುವುದಿಲ್ಲ. ಪಕ್ಕದವನು ಚಹಾ ಲೋಟ ಮುಂದೆ ತಳ್ಳುತ್ತಾನೆ. ಅವರು ಕುಡಿದು ಮುಂದಿನ ಪದಕ್ಕೆ ತಾಳ ಹಾಕುತ್ತಾರೆ.

ಬರೀ ಪ್ರಶ್ನೆ

ಇದಕ್ಕೆ ನನ್ನ ತಕರಾರಿಲ್ಲ. ಹೆಣ್ಣುಮಕ್ಕಳು ಬರುತ್ತಾರಾ ಅಲ್ಲಿಗೆ?

ಏಕತಾರಿ (ಯಡ್ರಾಮಿ)

ಬರುತ್ತಾರೆ. ನಮ್ಮ ಮೇಳದಲ್ಲಿ ಎತ್ತಿ ಹಾಡುವವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಬ್ಬರಿಗೆ ಓದು ಬರಹ ಇಲ್ಲ, ನೂರಾರು ಪದ ಬಾಯಿಗಿವೆ.

ಬಿಸಿಲೂರ ಹುಡುಗಿ (ಕಲಬುರಗಿ)

ಎಲ್ಲಾ ಓದಿದೆ. ಕೆಲವನ್ನು ಅವ್ವನಿಗೂ ಓದಿ ಹೇಳಿದೆ. ಮಧುಕರಿ ವಿಷಯ ಕೇಳಿ ಅವಳೇ ಹೆದರಿದಳು. 'ನಾನು ಭಿಕ್ಷೆ ಬೇಡಬೇಕಾ' ಅಂತ. ಈಗ ಗಾಣಗಾಪುರ ಸ್ವಲ್ಪ ಮುಂದಕ್ಕೆ ಹೋಗಿದೆ!

ರಸೀದಿ ಸಿಕ್ಕಿತು, ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಅಪ್ಪನ ಟೆಸ್ಟ್ ಶನಿವಾರ. ಸಾಹೇಬರೇ, ಒಂಟೆ ಕಟ್ಟಿದ್ದೇನೆ ಅಂದುಕೊಳ್ಳಿ.

ಅವನನ್ನು ಮರೆತಿಲ್ಲ. ಮರೆಯುವುದು ಹೇಗೆ ಅಂತ ನಿಮ್ಮಲ್ಲಿ ಒಬ್ಬರೂ ಹೇಳಲಿಲ್ಲ ಅನ್ನುವುದನ್ನು ಗಮನಿಸಿದ್ದೇನೆ. ಅದು ಒಂಥರಾ ನಿರಾಳ ಅನಿಸಿತು. ಭಜನೆಗೆ ರಾತ್ರಿ ಬಸ್ಸಿನ ತೊಂದರೆ, ಅಮವಾಸ್ಯೆಗೆ ಯಾರಾದರೂ ಕಾರಿನಲ್ಲಿ ಹೊರಟರೆ ತಿಳಿಸಿ, ಅವ್ವನೂ ಬರುತ್ತಾಳೆ. ಬಿದ್ರಿ ಬಳೆ ಅವರೇ, ಈ ಭಾನುವಾರ ನೀವು ಗುರುದ್ವಾರದಲ್ಲಿ ಇರುತ್ತೀರಾ? ಎಷ್ಟು ಹೊತ್ತಿಗೆ ಬರಲಿ?

ಬಿದ್ರಿ ಬಳೆ (ಬೀದರ್)

ಹನ್ನೊಂದರ ಹೊತ್ತಿಗೆ ಬನ್ನಿ. ಚಪ್ಪಲಿ ಬಿಡುವ ಕಡೆ ಕಾಯುತ್ತೇನೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಪಾತ್ರೆ ತೊಳೆಯುವಲ್ಲಿ ಪೂರ್ತಿ ನೆನೆಯುತ್ತೀರಿ. ಊಟ ಮಾಡಿ ಬರಬೇಡಿ.